ಮೊಡವೆ, ಅದರ ಕುಳಿ ಮತ್ತು ಲೇಸರ್

ಮೊಡವೆ ಹುಟ್ಟುವುದು ರೋಮಕೂಪದ ಒಳಗೆ. ರೋಮದ ಬುಡಕ್ಕೆ ಅಂಟಿಕೊಂಡ ಮೇದೋಗ್ರಂಥಿ ಹರೆಯದಲ್ಲಿ ಆಂಡ್ರೊಜೆನ್ ಹಾರ್ಮೋನುಗಳ ಪ್ರಭಾವದಿಂದ ಹೆಚ್ಚು ಜಿಡ್ಡು ಒಸರತೊಡಗುತ್ತದೆ. ಸತ್ತ ಕೋಶಗಳು ಕೂಪದ ಬಾಯಿ ಮುಚ್ಚುತ್ತವೆ. ಒಳಗೆ ನಿಂತ ಜಿಡ್ಡಿನಲ್ಲಿ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಸೂಕ್ಷ್ಮಾಣು ಬೆಳೆದು, ಸುತ್ತಲಿನ ಚರ್ಮ ಕೆಂಪಗೆ ಊದಿಕೊಳ್ಳುತ್ತದೆ. ಮುಂಬಯಿಯ ಸೆಕೆ, ಬೆವರು ಇದನ್ನು ಕೆರಳಿಸಬಹುದು. ಆದರೆ ಮೊಡವೆಗೆ ಕೊಳೆ ಕಾರಣವಲ್ಲ. ವಿರಾರಿನಿಂದ ಚರ್ಚ್‌ಗೇಟಿನವರೆಗೆ ಲೋಕಲ್ ರೈಲಿನಲ್ಲಿ ನಿಂತು ಬಂದವರು ಮುಖವನ್ನು ಸಾಬೂನಿನಿಂದ ಗಸಗಸ ಉಜ್ಜಿದರೆ ಊತ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ.

ಮೊಡವೆಗೂ ಅದರ ಕುಳಿಗೂ ಈಗ ಲೇಸರ್ ಚಿಕಿತ್ಸೆಯೂ ಇದೆ. ಅಮೆರಿಕದ ಭೌತವಿಜ್ಞಾನಿ ಥಿಯೋಡರ್ ಮೈಮನ್ ಮೊದಲ ಲೇಸರ್ ಬೆಳಗಿಸಿದ್ದು 1960ರಲ್ಲಿ. ಚರ್ಮಚಿಕಿತ್ಸೆಗೆ ಗಟ್ಟಿ ತಳಹದಿ ಸಿಕ್ಕಿದ್ದು 1983ರಲ್ಲಿ, ಅಮೆರಿಕದ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ ಮಂಡಿಸಿದ ಸಿದ್ಧಾಂತದಿಂದ. ಚರ್ಮದಲ್ಲಿರುವ ರಕ್ತ, ನೀರು, ಬಣ್ಣ ಕೊಡುವ ಮೆಲನಿನ್ ಬೇರೆ ಬೇರೆ ತರಂಗದ ಬೆಳಕನ್ನು ಹೀರುತ್ತವೆ. ತಕ್ಕ ತರಂಗವನ್ನು ತಕ್ಕಷ್ಟೇ ಹೊತ್ತು ಬಿಟ್ಟರೆ, ಪಕ್ಕದ ಭಾಗಕ್ಕೆ ಹೆಚ್ಚು ಹಾನಿಯಾಗದೆ ಬೇಕಾದ ಗುರಿ ಮಾತ್ರ ಕಾಯುತ್ತದೆ.

ಎದ್ದಿರುವ ಮೊಡವೆಗೂ ಅದು ಬಿಟ್ಟುಹೋದ ಗುರುತಿಗೂ ಬಳಸುವ ಲೇಸರ್ ಒಂದೇ ಅಲ್ಲ. ಕೆಂಪು ತಗ್ಗಿಸಲು 595 ನ್ಯಾನೊಮೀಟರ್ ತರಂಗದ ಡೈ ಲೇಸರ್ ರಕ್ತನಾಳಗಳನ್ನು ಗುರಿಯಾಗಿಸುತ್ತದೆ. ಮೇದೋಗ್ರಂಥಿಯನ್ನೇ ಕಾಯಿಸುವ 1726 ನ್ಯಾನೊಮೀಟರಿನ ಯಂತ್ರಗಳಿಗೆ ಅಮೆರಿಕದ ಔಷಧ ಆಡಳಿತ 2022ರಲ್ಲಿ ಒಪ್ಪಿಗೆ ಕೊಟ್ಟಿತು. ಈ ತರಂಗವನ್ನು ಮೆಲನಿನ್ ಅಷ್ಟಾಗಿ ಹೀರುವುದಿಲ್ಲವಾದ್ದರಿಂದ ಕಂದು ಚರ್ಮದವರಿಗೆ ಇದು ಭರವಸೆಯ ದಾರಿ. ಆದರೂ ಎದ್ದ ಮೊಡವೆಗೆ ಮೊದಲ ಮದ್ದು ಲೇಸರ್ ಅಲ್ಲ. ಬೆಂಜಾಯ್ಲ್ ಪೆರಾಕ್ಸೈಡ್, ಅಡಪಲೀನ್ ಮುಲಾಮುಗಳು ಮೊದಲು. ತೀವ್ರವಾದಾಗ ವೈದ್ಯರ ನಿಗಾದಲ್ಲಿ ಐಸೊಟ್ರೆಟಿನಾಯಿನ್ ಮಾತ್ರೆ. ಈ ಮಾತ್ರೆ ಗರ್ಭದಲ್ಲಿರುವ ಶಿಶುವಿಗೆ ಅಪಾಯಕಾರಿ.

ಲೇಸರಿನ ನಿಜವಾದ ಬಲ ಕಾಣುವುದು ಕುಳಿಗಳಲ್ಲಿ. ಊತ ಆಳಕ್ಕಿಳಿದು, ಚರ್ಮಕ್ಕೆ ಆಧಾರವಾದ ಕೊಲಾಜೆನ್ ನಾಶವಾದಲ್ಲಿ ಚರ್ಮ ಕುಸಿಯುತ್ತದೆ. ಹಿಸುಕಿದ ಮೊಡವೆಗಳಲ್ಲಿ ಇದರ ಸಂಭವ ಹೆಚ್ಚು. 10,600 ನ್ಯಾನೊಮೀಟರಿನ ಇಂಗಾಲದ ಡೈಆಕ್ಸೈಡ್ ಲೇಸರ್ ಕೋಶಗಳ ನೀರನ್ನು ಆವಿ ಮಾಡುತ್ತದೆ. ಹಿಂದೆ ಇಡೀ ಮೇಲ್ಪದರವನ್ನೇ ಸುಡಬೇಕಿತ್ತು, ಗಾಯ ಮಾಯಲು ವಾರಗಳು ಹಿಡಿಯುತ್ತಿದ್ದವು. 2004ರಲ್ಲಿ ಬಂದ ಫ್ರಾಕ್ಷನಲ್ ವಿಧಾನ ಇದನ್ನು ಬದಲಿಸಿತು: ಕಿರಣ ಜರಡಿಯಂತೆ ಸೂಕ್ಷ್ಮ ರಂಧ್ರಗಳನ್ನಷ್ಟೇ ಕೊರೆಯುತ್ತದೆ, ನಡುವೆ ಉಳಿದ ಹಸನಾದ ಚರ್ಮ ಬೇಗ ಮಾಯಿಸುತ್ತದೆ, ಒಳಗೆ ಹೊಸ ಕೊಲಾಜೆನ್ ಬೆಳೆಯುತ್ತದೆ. ಸಾಮಾನ್ಯವಾಗಿ ನಾಲ್ಕಾರು ವಾರಗಳ ಅಂತರದಲ್ಲಿ ಹಲವು ಸಲ ಮಾಡಬೇಕಾಗುತ್ತದೆ. ಕುಳಿಯ ಆಳ ತಗ್ಗುತ್ತದೆ, ಪೂರ್ತಿ ಮಾಯವಾಗುವುದಿಲ್ಲ. ಸೂಜಿ ಚುಚ್ಚಿದಂತಹ ಕಿರಿದಾದ ಆಳದ ಕುಳಿಗಳಿಗೆ ಲೇಸರಿಗಿಂತ ಆಮ್ಲ ಮುಟ್ಟಿಸುವ ಚಿಕಿತ್ಸೆಯೇ ಹೆಚ್ಚು ಸಲ ಒದಗುತ್ತದೆ.

ಚರ್ಮದ ಬಣ್ಣವನ್ನು ವಿಂಗಡಿಸುವ ಫಿಟ್ಜ್‌ಪ್ಯಾಟ್ರಿಕ್ ವರ್ಗೀಕರಣದ ಆರು ಬಗೆಗಳಲ್ಲಿ ಭಾರತೀಯರ ಚರ್ಮ ಬಹುಮಟ್ಟಿಗೆ 4 ಮತ್ತು 5ನೆಯದು. ಶಾಖ ಹೆಚ್ಚಾದರೆ ಇಂತಹ ಚರ್ಮ ಮೆಲನಿನ್ ಸುರಿದು ಕಪ್ಪಾಗುತ್ತದೆ. ಆ ಕಲೆ ತಿಂಗಳುಗಟ್ಟಲೆ ಉಳಿಯಬಹುದು. ಆದ್ದರಿಂದ ಕಡಿಮೆ ಶಕ್ತಿ, ವಿರಳ ರಂಧ್ರ, ಹೆಚ್ಚು ಅಂತರ ಇಲ್ಲಿನ ಸರಿಯಾದ ಕ್ರಮ. ಬಿಸಿಲಿಗೆ ಕಂದಿದ ಮುಖಕ್ಕೆ ಲೇಸರ್ ಹಾಯಿಸಬಾರದು. ಚಿಕಿತ್ಸೆಯ ನಂತರ ಸನ್‌ಸ್ಕ್ರೀನ್, ಛತ್ರಿ ಎರಡೂ ಬೇಕು, ಹಕ್ಕಳೆಯನ್ನು ಕೀಳಬಾರದು. ಗಾಯವಾದಲ್ಲಿ ಕೀಲಾಯ್ಡ್ ಗಂಟು ಏಳುವವರು, ಹರ್ಪಿಸ್ ಬಂದಿದ್ದವರು, ಐಸೊಟ್ರೆಟಿನಾಯಿನ್ ನುಂಗುತ್ತಿರುವವರು ಅದನ್ನು ಮೊದಲೇ ವೈದ್ಯರಿಗೆ ಹೇಳಬೇಕು.

ಯಂತ್ರದ ಹೆಸರಿಗಿಂತ ಅದನ್ನು ಹಿಡಿದ ಕೈ ಮುಖ್ಯ. ಬ್ಯೂಟಿ ಪಾರ್ಲರ್ ಇದಕ್ಕೆ ತಕ್ಕ ಜಾಗವಲ್ಲ. ಔಷಧದಂಗಡಿಯಲ್ಲಿ ಕೇಳಿ ತಂದ ಸ್ಟೆರಾಯ್ಡ್ ಕ್ರೀಮ್ ಕೆಲವು ದಿನ ಮುಖವನ್ನು ತಿಳಿಯಾಗಿಸಿದಂತೆ ತೋರಿ, ಬಳಿಕ ತಾನೇ ಮೊಡವೆ ಎಬ್ಬಿಸುತ್ತದೆ. ಖಾಸಗಿ ಕ್ಲಿನಿಕ್ಕಿನ ಪ್ಯಾಕೇಜಿಗೆ ಮುಂಗಡ ಕಟ್ಟುವ ಮುನ್ನ ಪರಳದ ಕೆಇಎಂ, ಸಾಯನ್ನಿನ ಲೋಕಮಾನ್ಯ ತಿಲಕ್, ಮುಂಬಯಿ ಸೆಂಟ್ರಲ್‌ನ ನಾಯರ್ ಮುಂತಾದ ಪಾಲಿಕೆ ಆಸ್ಪತ್ರೆಗಳ ಚರ್ಮರೋಗ ವಿಭಾಗದಲ್ಲಿ ಒಮ್ಮೆ ಮುಖ ತೋರಿಸಿ. ಹೊಸ ಮೊಡವೆ ಏಳುವುದು ಹತೋಟಿಗೆ ಬಂದ ಮೇಲೆ ಕುಳಿಯ ಚಿಕಿತ್ಸೆ ಶುರುಮಾಡಿ.