ಮಳೆಗೆ ನಡುಗುವ ಮಕ್ಕಳೂ ಮೀರಜದ ತಂಬೂರಿಯೂ

ಮಹಾರಾಷ್ಟ್ರದ ಸಾಂಗ್ಲಿ ಪಟ್ಟಣದಲ್ಲಿ ಮಳೆ ಹಿಡಿಯಿತೆಂದರೆ ಜನ ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆ ಒಂದೇ: ಐರ್ವಿನ್ ಸೇತುವೆಯಲ್ಲಿ ನೀರು ಎಷ್ಟು ಅಡಿ? ಕೃಷ್ಣಾ ನದಿಗೆ ಅಲ್ಲಿ 45 ಅಡಿ ಅಪಾಯದ ಗುರುತು. 2005ರಲ್ಲಿ ನದಿ ಅದನ್ನು ದಾಟಿ ಊರೊಳಗೆ ಬಂತು. 2019ರ ಆಗಸ್ಟಿನಲ್ಲಿ 57 ಅಡಿಯನ್ನೂ ಮೀರಿತು. ಎರಡೇ ವರ್ಷ ಕಳೆದು 2021ರ ಜುಲೈಯಲ್ಲಿ ಮತ್ತೆ ಬಂತು. 2019ರ ನೆರೆಯಲ್ಲಿ ಪಲೂಸ್ ತಾಲೂಕಿನ ಬ್ರಹ್ಮನಾಳದಲ್ಲಿ ಜನರನ್ನು ಪಾರುಮಾಡಲು ಹೊರಟ ದೋಣಿಯೇ ಮಗುಚಿ ಹೆಂಗಸರು ಮಕ್ಕಳೆನ್ನದೆ ಹಲವರು ತೀರಿಕೊಂಡರು. ಶಾಲೆಗಳು ನಿರಾಶ್ರಿತರ ಬಿಡಾರಗಳಾದವು.

ನೀರು ಇಳಿದ ಮೇಲೆ ಬಿದ್ದ ಗೋಡೆ, ಕೊಳೆತ ಕಬ್ಬು, ಸತ್ತ ದನಗಳ ಲೆಕ್ಕ ನಡೆಯುತ್ತದೆ. ಮಕ್ಕಳ ಮನಸ್ಸಿನಲ್ಲಿ ಉಳಿದ ನೀರಿಗೆ ಲೆಕ್ಕವಿಲ್ಲ. ಇಂಥ ಅನುಭವ ಕಂಡ ಮಗು ಮುಂದಿನ ವರ್ಷ ಮೋಡ ಕಪ್ಪಾದೊಡನೆ ತಾಯಿಯ ಸೆರಗು ಹಿಡಿಯುತ್ತದೆ. ಬೆಳಿಗ್ಗೆ ಹೊಟ್ಟೆನೋವು ಎನ್ನುತ್ತದೆ, ಶಾಲೆ ಬೇಡ ಎನ್ನುತ್ತದೆ. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟು ವರ್ಷಗಳಾದ ಹುಡುಗ ಮತ್ತೆ ಒದ್ದೆ ಮಾಡತೊಡಗುತ್ತಾನೆ. ಹಿರಿಯರು ಇದನ್ನು ಹಟ ಎನ್ನುವುದೂ ಉಂಟು, ಸೋಮಾರಿತನ ಎನ್ನುವುದೂ ಉಂಟು. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್ಮಲೆಗಳು ಮಣ್ಣಿನಡಿ ಹೋದದ್ದನ್ನು ಕೇಳಿಬಲ್ಲ ನಮಗೆ ಇದು ದೂರದ ಊರಿನ ಸಂಗತಿಯಲ್ಲ.

‘ಹೆದರಬೇಡ ಮಗಾ’ ಎಂದು ನಾವು ಹೇಳುತ್ತೇವೆ. ಹೇಳಬೇಕಾದ ಮಾತೇ ಹೌದು. ಆದರೆ ಹೆದರಿಕೆ ಮೊದಲು ಹಿಡಿಯುವುದು ದೇಹವನ್ನು. ಎದೆ ಬಡಿಯುತ್ತದೆ, ಉಸಿರು ಮೇಲೆ ಮೇಲೆ ಬರುತ್ತದೆ, ಕೈ ತಣ್ಣಗಾಗುತ್ತದೆ, ಭುಜಗಳು ಕಿವಿಯ ತನಕ ಏರುತ್ತವೆ. ಆ ಹೊತ್ತಿಗೆ ಬುದ್ಧಿಮಾತು ಕಿವಿಗೆ ಬಿದ್ದರೂ ಒಳಗೆ ಇಳಿಯುವುದಿಲ್ಲ. ದೇಹವನ್ನು ಸಮಾಧಾನಪಡಿಸಲು ಮಾತಿಗಿಂತ ಬೇರೆ ದಾರಿ ಹುಡುಕಬೇಕು. ಆ ದಾರಿಗೆ ಬೇಕಾದ ಸಾಮಗ್ರಿ ಸಾಂಗ್ಲಿಗೆ ಹೊಂದಿಕೊಂಡಿರುವ ಮೀರಜದಲ್ಲಿ ಬೇಕಾದಷ್ಟಿದೆ.

ಮೀರಜ ಎಂದರೆ ನಮ್ಮ ಕಡೆಯ ಹಿರಿಯರಿಗೆ ರೈಲು ಬದಲಿಸುವ ಜಂಕ್ಷನ್, ಮತ್ತೆ ಮಿಶನ್ ಆಸ್ಪತ್ರೆ. ಸಂಗೀತಗಾರರಿಗೆ ಮಾತ್ರ ಅದು ತಂಬೂರಿಯ ಊರು. ಹಿಂದೆ ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು ಹತ್ತೊಂಬತ್ತನೆಯ ಶತಮಾನದಲ್ಲಿ ಸಿತಾರ್, ತಂಬೂರಿಗಳ ಕೆಲಸಕ್ಕೆ ಕೈಹಾಕಿದರು. ಇಂದಿಗೂ ಅವರ ಓಣಿಯಲ್ಲಿ ಸೋರೆಬುರುಡೆಗಳು ಸಾಲುಸಾಲಾಗಿ ತೂಗುತ್ತಿರುತ್ತವೆ. 2024ರಲ್ಲಿ ಈ ವಾದ್ಯಗಳಿಗೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಕಿರಾನಾ ಘರಾನೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ನೆಲೆಸಿದ್ದು ಅದೇ ಊರಿನಲ್ಲಿ. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. 1937ರಲ್ಲಿ ತೀರಿಕೊಂಡ ಖಾನರ ನೆನಪಿಗೆ ಮೀರಜದ ದರ್ಗಾದಲ್ಲಿ ವರ್ಷ ವರ್ಷವೂ ಸಂಗೀತ ಸೇವೆ ನಡೆಯುತ್ತದೆ.

ತಂಬೂರಿಗೆ ನಾಲ್ಕೇ ತಂತಿ. ಅದರಲ್ಲಿ ರಾಗ ನುಡಿಸುವಂತಿಲ್ಲ, ತಪ್ಪುವುದಕ್ಕೂ ಹೆಚ್ಚು ಅವಕಾಶವಿಲ್ಲ. ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ನೂಲಿನ ಎಳೆ ಇಡುತ್ತಾರೆ, ಜೀವಾಳಿ ಎಂದು ಅದರ ಹೆಸರು. ಆ ಎಳೆ ಸರಿಯಾದ ಜಾಗದಲ್ಲಿ ಕೂತಾಗ ಒಣ ತಂತಿ ಝೇಂಕರಿಸುತ್ತದೆ. ಅಂಜುವ ಮಗುವನ್ನು ಇದರ ಪಕ್ಕದಲ್ಲಿ ಕೂರಿಸಿ, ಬುರುಡೆಗೆ ಅಂಗೈ ತಾಗಿಸಲು ಹೇಳಿ. ಕಂಪನ ಕೈಗೆ ತಿಳಿಯುತ್ತದೆ. ಅನಂತರ ಬಾಯಿ ಮುಚ್ಚಿ ಆ ಷಡ್ಜಕ್ಕೆ ತನ್ನ ಹೂಂಕಾರ ಸೇರಿಸಲಿ. ಹೂಂಗುಟ್ಟುವಾಗ ಉಸಿರು ತಾನಾಗಿ ನಿಧಾನವಾಗಿ ಹೊರಗೆ ಹೋಗುತ್ತದೆ. ಉಸಿರು ಹೊರಹೋಗುವುದು ನೀಳವಾದಷ್ಟೂ ಎದೆಬಡಿತ ಇಳಿಯುವುದು ಶರೀರದ ಧರ್ಮ. ಯೋಗದ ಭ್ರಾಮರಿಯಲ್ಲಿ ನಡೆಯುವುದೂ ಇದೇ. ‘ದೀರ್ಘವಾಗಿ ಉಸಿರಾಡು’ ಎಂದರೆ ಚಿಕ್ಕ ಮಗು ಇನ್ನಷ್ಟು ಗಾಬರಿಯಿಂದ ಏದುಸಿರು ಬಿಡುತ್ತದೆ. ಜೇನ್ನೊಣದ ಹಾಗೆ ಹಾಡು ಎಂದರೆ ನಗುತ್ತಾ ಹಾಡುತ್ತದೆ. ಮೀರಜದವರು ಇದನ್ನೊಂದು ಚಿಕಿತ್ಸೆಯಾಗಿ ನಡೆಸುತ್ತಾರೆಂದು ನಾನು ಹೇಳುತ್ತಿಲ್ಲ. ತಂಬೂರಿ ಇಲ್ಲದಲ್ಲಿ ಶ್ರುತಿಪೆಟ್ಟಿಗೆ ಸಾಕು, ಹಾರ್ಮೋನಿಯಮ್ಮಿನ ಒಂದು ಮನೆ ಸಾಕು.

ಇನ್ನೊಂದು ಉಪಾಯ ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ನರದು. ಬಿಗಿದ ಸ್ನಾಯುವನ್ನು ‘ಸಡಿಲಿಸು’ ಎಂದರೆ ಆಗದು, ಮೊದಲು ಇನ್ನಷ್ಟು ಬಿಗಿದು ಆಮೇಲೆ ಬಿಟ್ಟರೆ ಸಡಿಲ ಎಂದರೇನೆಂದು ದೇಹಕ್ಕೇ ಗೊತ್ತಾಗುತ್ತದೆ ಎಂದು ಅವರು 1920ರ ದಶಕದಲ್ಲಿ ಬರೆದರು. ಮಕ್ಕಳಿಗೆ ಇದು ಆಟ. ಎರಡು ಕೈಯಲ್ಲೂ ನಿಂಬೆಹಣ್ಣು ಇದೆ ಎಂದು ಭಾವಿಸಿ ರಸವೆಲ್ಲ ಹಿಂಡು, ಈಗ ಸಿಪ್ಪೆ ಬಿಸಾಡು. ಆಮೆಯಂತೆ ತಲೆ ಒಳಗೆ ಎಳೆದುಕೋ, ಈಗ ಬಿಸಿಲಿಗೆ ಹೊರಗೆ ಬಾ. ಆದರೆ ಗುಡುಗು ಸಿಡಿಯುತ್ತಿರುವಾಗ ಇದನ್ನು ಹೊಸದಾಗಿ ಕಲಿಸಲು ಹೊರಟರೆ ಫಲವಿಲ್ಲ. ಈಜು ಕಲಿಸುವುದು ನೆರೆ ಬಂದ ದಿನವಲ್ಲವಷ್ಟೆ. ಮಗು ಖುಷಿಯಲ್ಲಿರುವ ದಿನಗಳಲ್ಲಿ ಹತ್ತು ಹತ್ತು ನಿಮಿಷ ಆಡಿಸಿಟ್ಟಿರಬೇಕು.

ಸಾಂಗ್ಲಿಯ ಇನ್ನೊಂದು ಸೊತ್ತು ನಾಟಕ. ಅದರ ಬೇರು ನಮ್ಮದು ಎಂಬುದು ಗಡಿನಾಡ ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಹೊನ್ನಾವರದ ಬಳಿಯ ಕರ್ಕಿಯಿಂದ ಯಕ್ಷಗಾನ ಮೇಳವೊಂದು 1842ರಲ್ಲಿ ಸಾಂಗ್ಲಿಗೆ ಹೋಗಿ ಆಟ ತೋರಿಸಿತು. ಮೆಚ್ಚಿದ ಪಟವರ್ಧನ ದೊರೆ, ಮರಾಠಿಯಲ್ಲೂ ಇಂಥದು ಆಗಬೇಕೆಂದು ವಿಷ್ಣುದಾಸ ಭಾವೆಯವರಿಗೆ ಅಪ್ಪಣೆ ಮಾಡಿದರು. 1843ರಲ್ಲಿ ಭಾವೆಯವರು ಆಡಿಸಿದ ‘ಸೀತಾ ಸ್ವಯಂವರ’ದಿಂದಲೇ ಮರಾಠಿ ರಂಗಭೂಮಿಯ ಲೆಕ್ಕ ಶುರು. ಭಾವೆಯವರು ಮರದ ಗೊಂಬೆಗಳನ್ನೂ ಮಾಡಿದ್ದರು.

ಅಂಜುವ ಮಗುವಿಗೆ ಗೊಂಬೆ ದೊಡ್ಡ ಆಸರೆ. ತನಗೆ ಹೆದರಿಕೆ ಎಂದು ಹೇಳಲು ನಾಚುವ ಹುಡುಗಿ, ಕೈಯಲ್ಲಿರುವ ಗೊಂಬೆಗೆ ಹೆದರಿಕೆ ಎಂದು ಸರಾಗ ಹೇಳುತ್ತಾಳೆ. ಗೊಂಬೆಯನ್ನು ಸಮಾಧಾನ ಮಾಡುವವಳೂ ಅವಳೇ. ಯಕ್ಷಗಾನ ಬೊಂಬೆಯಾಟವನ್ನು ದೇಶವಿದೇಶಗಳಿಗೆ ಒಯ್ದ ಕೆ. ವಿ. ರಮೇಶರ ತಂಡ ಕಾಸರಗೋಡಿನದೇ ಆಗಿರುವಾಗ ನಮ್ಮ ಶಾಲೆಗಳಲ್ಲಿ ಹಳೆಯ ಕಾಲುಚೀಲದ ಗೊಂಬೆಯಾದರೂ ಇರಬಾರದೇಕೆ? ನೆರೆ ಕಂಡ ಮಕ್ಕಳಿಂದ ನಾಟಕ ಆಡಿಸುವವರು ಅವರಲ್ಲೊಬ್ಬನಿಗೆ, ಅವನು ಒಪ್ಪಿದರೆ ಮಾತ್ರ, ನದಿಯ ಪಾತ್ರ ಕೊಡಬಹುದು. ಎಷ್ಟು ಏರಬೇಕು, ಯಾವಾಗ ಹಿಂದೆ ಸರಿಯಬೇಕು ಎಂಬುದು ಆಗ ಅವನ ಕೈಯಲ್ಲಿರುತ್ತದೆ.

ಬಯಲಾಟದಲ್ಲಿ ಬಣ್ಣದ ವೇಷ ಆರ್ಭಟಿಸುತ್ತಾ ಬಂದಾಗ ಚೀರಿ ಅಜ್ಜಿಯ ಮಡಿಲಿಗೆ ಬೀಳುವ ಮಕ್ಕಳನ್ನು ನಾವೆಲ್ಲ ಕಂಡಿದ್ದೇವೆ. ಅಂಥ ಮಗುವನ್ನು ಜಾಣ ಮಾವಂದಿರು ಮರುವರ್ಷ ಸಂಜೆಯೇ ಚೌಕಿಗೆ ಕರೆದೊಯ್ಯುತ್ತಾರೆ. ಚಹಾ ಕುಡಿಯುತ್ತಾ ಕೂತ ಒಬ್ಬ ಮನುಷ್ಯ ಕನ್ನಡಿ ಹಿಡಿದು ಚುಟ್ಟಿ ಇಡುತ್ತಾ ಗಂಟೆಗಟ್ಟಲೆ ರಾಕ್ಷಸನಾಗುವುದನ್ನು ಮಗು ನೋಡುತ್ತದೆ. ರಾತ್ರಿ ಅದೇ ರಾಕ್ಷಸ ರಂಗಕ್ಕೆ ಬಂದಾಗ ಹೆದರಿಕೆ ಇದ್ದರೂ ಓಡುವುದಿಲ್ಲ. ಹೆದರಿಕೆಯ ವಸ್ತುವಿಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿರ ಒಯ್ಯುವ ಈ ಕ್ರಮವನ್ನೇ ಇಂದಿನ ಮನೋವೈದ್ಯರೂ ಅನುಸರಿಸುತ್ತಾರೆ.

ಚಿತ್ರ ಬಿಡಿಸುವ ವಿಷಯದಲ್ಲಿ ಒಂದು ಎಚ್ಚರ ಬೇಕು. ಕಾಗದ, ಬಣ್ಣ, ಆವೆಮಣ್ಣು ಕೊಟ್ಟು ಸುಮ್ಮನೆ ಪಕ್ಕದಲ್ಲಿ ಕೂರಬೇಕು. ‘ನೆರೆಯ ಚಿತ್ರ ಬರೆ, ಅವತ್ತು ಏನಾಯಿತು ಹೇಳು’ ಎಂದು ಒತ್ತಾಯಿಸಿದರೆ ಒಣಗುತ್ತಿರುವ ಗಾಯವನ್ನು ಕೆರೆದ ಹಾಗೆ. ಕಪ್ಪು ಬಣ್ಣ ಬಳಿದ ಮಾತ್ರಕ್ಕೆ ಮನಸ್ಸು ಕಪ್ಪಾಗಿದೆ ಎಂದು ಅರ್ಥ ಹಚ್ಚುವುದೂ ತಪ್ಪು. ಉಳಿದ ಬಣ್ಣಗಳನ್ನು ಪಕ್ಕದ ಮಗು ಎತ್ತಿಕೊಂಡಿರಬಹುದು! 1999ರ ಒರಿಸ್ಸಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿ, ಈ ಮೂರರ ನಂತರವೂ ಬೆಂಗಳೂರಿನ ನಿಮ್ಹಾನ್ಸ್‌ನ ತಜ್ಞರು ಸ್ಥಳೀಯರಿಗೆ ಕಲಿಸಿಕೊಟ್ಟದ್ದು ಇದನ್ನೇ: ಆಟ, ಕತೆ, ಚಿತ್ರ, ಮಣ್ಣು, ನಾಟಕ. ಹೊರಗಿನ ಪಂಡಿತ ವಾರದಲ್ಲಿ ಊರಿಗೆ ಮರಳುತ್ತಾನೆ, ಊರ ಮಾಸ್ತರರು ಉಳಿಯುತ್ತಾರೆ. ನಮ್ಮ ಪಕ್ಕದ ಪುತ್ತೂರಿನಲ್ಲಿ ಶಿವರಾಮ ಕಾರಂತರು 1930ರ ದಶಕದಲ್ಲೇ ಕುಣಿತ, ನಾಟಕಗಳನ್ನು ಮಕ್ಕಳ ಕಲಿಕೆಯ ನಡುವೆ ತಂದಿದ್ದರು.

ಆದರೆ ನಮ್ಮಲ್ಲಿ ಕಲೆ ಎಂದೊಡನೆ ಸ್ಪರ್ಧೆ ನೆನಪಾಗುತ್ತದೆ. ಕೇರಳದ ಶಾಲಾ ಕಲೋತ್ಸವ 1957ರಿಂದ ನಡೆದುಬಂದ ದೊಡ್ಡ ಹಬ್ಬ. 2019ರಲ್ಲಿ ಅದು ಕಾಞಂಗಾಡಿಗೂ ಬಂದಿತ್ತು, ಯಕ್ಷಗಾನಕ್ಕೂ ಅಲ್ಲಿ ಸ್ಥಾನವಿದೆ. ಸಂತೋಷವೇ. ಆದರೆ ‘ಎ’ ಗ್ರೇಡು ತಪ್ಪಿದ್ದಕ್ಕೆ ವೇಷ ಕಳಚುವ ಮೊದಲೇ ಅಳುವ ಮಗುವಿಗೆ ಕಲೆ ಮದ್ದಾಗಲಿಲ್ಲ, ಇನ್ನೊಂದು ರೋಗವಾಯಿತು. ಅಂಜುವ ಮಗುವಿಗೆ ಬೇಕಾದದ್ದು ತೀರ್ಪುಗಾರರಿಲ್ಲದ ಒಂದು ಗಂಟೆ. ವಾರಕ್ಕೆ ಅಷ್ಟು ಹೊತ್ತನ್ನು ಶಾಲೆಯ ವೇಳಾಪಟ್ಟಿಯಲ್ಲಿ ಬಿಟ್ಟುಕೊಡುವುದು ಕಷ್ಟವೇನಲ್ಲ, ಪರೀಕ್ಷೆ ಹತ್ತಿರ ಬಂದಾಗ ಗಣಿತದವರು ಅದನ್ನು ಕಸಿಯದಿದ್ದರೆ.

ಎಲ್ಲ ಅಂಜಿಕೆಯೂ ಹಾಡು, ಬಣ್ಣಗಳಿಂದ ಹೋಗುವುದಿಲ್ಲ. ತಿಂಗಳು ಕಳೆದರೂ ನಿದ್ದೆ ಬಾರದಿದ್ದರೆ, ಊಟ ಬಿಟ್ಟರೆ, ಶಾಲೆಗೆ ಹೋಗುವುದೇ ನಿಂತರೆ, ಮಾತು ಕಡಿಮೆಯಾಗುತ್ತಾ ಬಂದರೆ, ಸಾಯುವ ಮಾತು ಒಮ್ಮೆ ಬಂದರೂ ಸರಿ, ವೈದ್ಯರ ಬಳಿಗೆ ಹೋಗಬೇಕು. ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಹಗಲು ರಾತ್ರಿ ಯಾವಾಗ ಬೇಕಾದರೂ ಖರ್ಚಿಲ್ಲದೆ ಕರೆಮಾಡಬಹುದು. ಸಾಂಗ್ಲಿಯಿಂದಲೂ ಅದೇ ಸಂಖ್ಯೆ, ಕಾಸರಗೋಡಿನಿಂದಲೂ ಅದೇ.