ಕೈಯಲ್ಲಿ ಕಡೆದ ಮರದ ಪೆನ್ನಿಗೆ ಕಂಪ್ಯೂಟರ್ ಕುಸುರಿ

ಪಾಳಾ (ಮುಂಡಗೋಡ ತಾ.): ಒಂದು ಪೆನ್ನಿಗೆ ಬೇಕಾಗುವ ಮರವೆಷ್ಟು? ಎರಡು ಸೆಂ.ಮೀ. ದಪ್ಪದ, ಗೇಣಿಗಿಂತ ಚಿಕ್ಕದಾದ ಒಂದು ತುಂಡು. ತೇಗಕ್ಕೆ ಹೆಸರಾದ ಮುಂಡಗೋಡ, ಯಲ್ಲಾಪುರ, ಹಳಿಯಾಳ ಸೀಮೆಯಲ್ಲಿ ಬಾಗಿಲು, ಚೌಕಟ್ಟುಗಳ ಕೆಲಸದಲ್ಲಿ ಉಳಿಯುವ ಇಂಥ ಚೂರುಗಳಿಗೆ ಒಲೆಯೇ ಗತಿ. ಬಾಗಿಲಿನ ಮೇಲೆ ಬಳ್ಳಿ, ಗಣಪತಿ ಕೆತ್ತುವ ಕಂಪ್ಯೂಟರ್ ನಿಯಂತ್ರಿತ ಯಂತ್ರ ರಾಜ್ಯದ ಸಣ್ಣ ಪಟ್ಟಣಗಳಿಗೂ ಬಂದಿದೆ. ಅದರಿಂದಲೇ ಪೆನ್ನನ್ನೂ ಅಲಂಕರಿಸಬಹುದು. ಆದರೆ ಬಾಗಿಲು ಚಪ್ಪಟೆ, ಪೆನ್ನು ದುಂಡು. ತೊಡಕು ಆರಂಭವಾಗುವುದೇ ಇಲ್ಲಿ.

ಮರದ ತುಂಡಿಗೆ ಉದ್ದುದ್ದ ರಂಧ್ರ ಕೊರೆದು, 7 ಮಿ.ಮೀ. ದಪ್ಪದ ಹಿತ್ತಾಳೆ ಕೊಳವೆ ಅಂಟಿಸಿ, ಲೇತಿನಲ್ಲಿ ತಿರುಗಿಸುತ್ತ ಉಳಿಯಿಂದ ಕಡೆಯುವುದು ಪೆನ್ನು ತಯಾರಿಕೆಯ ರೂಢಿಯ ಕ್ರಮ. ಸಿಎನ್‌ಸಿ ಎಂದು ಕರೆಯಲಾಗುವ ಕೆತ್ತನೆ ಯಂತ್ರದ ಮೊನೆ ಎಡ-ಬಲ, ಹಿಂದೆ-ಮುಂದೆ, ಮೇಲೆ-ಕೆಳಗೆ ಹೀಗೆ ಮೂರು ದಿಕ್ಕಿಗೆ ಚಲಿಸುತ್ತದೆ. ಪೆನ್ನಿಗಾಗಿ ನಾಲ್ಕನೆಯ ಚಲನೆ ಬೇಕು. ಮೊನೆ ಉದ್ದಕ್ಕೆ ಸಾಗುವಾಗ ಪೆನ್ನು ತನ್ನ ಸುತ್ತ ತಿರುಗಬೇಕು. ಕಂಪ್ಯೂಟರಿನಲ್ಲಿ ಬರೆದ ಚಪ್ಪಟೆ ಚಿತ್ರವನ್ನು ತಂತ್ರಾಂಶವು ಕೋನಗಳಾಗಿ ಪರಿವರ್ತಿಸಿ ದುಂಡಿಗೆ ಸುತ್ತುತ್ತದೆ.

ಯಂತ್ರ ತನಗೆ ಕೊಟ್ಟ ಅಳತೆಯನ್ನಷ್ಟೇ ನಂಬುತ್ತದೆ. ಕೈಯಲ್ಲಿ ಕಡೆದ ಪೆನ್ನಿನ ವ್ಯಾಸ ಒಂದೆಡೆ ಅರ್ಧ ಮಿ.ಮೀ. ಕಡಿಮೆಯಾದರೆ ಅಲ್ಲಿ ಮರದ ಮೇಲ್ಮೈ ಕಾಲು ಮಿ.ಮೀ. ಒಳಗೆ ಸರಿದಿರುತ್ತದೆ. ಕೆತ್ತನೆಯ ಆಳವನ್ನು 0.3 ಮಿ.ಮೀ. ಎಂದು ನಿಗದಿಪಡಿಸಿದ್ದರೆ ಆ ಭಾಗದ ಗೆರೆ ಬಹುತೇಕ ಮಾಯ! ಬೆರಳಿಗೆ ತಿಳಿಯದ ವ್ಯತ್ಯಾಸವಿದು. ಹಾಗೆಂದು ಆಳ ಹೆಚ್ಚಿಸುವಂತೆಯೂ ಇಲ್ಲ. 11 ಮಿ.ಮೀ. ದಪ್ಪದ ಪೆನ್ನಿನಲ್ಲಿ ಕೊಳವೆಯ ಹೊರಗೆ ಉಳಿಯುವ ಮರ ಕೇವಲ 2 ಮಿ.ಮೀ.; ತುದಿಗಳಲ್ಲಿ ಇನ್ನೂ ತೆಳು. ಆದ್ದರಿಂದ ವರ್ನಿಯರ್‌ನಿಂದ ಹಲವೆಡೆ ಅಳೆಯಬೇಕು, ಇಲ್ಲವೇ ಒರಟಾಗಿ ಕಡೆದ ಒಡಲಿನ ಮೇಲೆ ಯಂತ್ರದಿಂದಲೇ ಒಂದು ಸುತ್ತು ಸವರಿಸಿಕೊಂಡು ಅನಂತರ ಕೆತ್ತಬೇಕು. ಗೆರೆಗಳಿಗೆ ಬಣ್ಣದ ರಾಳ ತುಂಬಿ, ಅದು ಗಟ್ಟಿಯಾದ ಮೇಲೆ ಮತ್ತೆ ಲೇತಿನಲ್ಲಿ ಕೈಯಿಂದ ನಯಗೊಳಿಸುವುದುಂಟು.

ಮರದ ಗುಣವೂ ಮುಖ್ಯ. ತೇಗದ ರಂಧ್ರಗಳು ದೊಡ್ಡವು. ಸೂಕ್ಷ್ಮ ಗೆರೆಯ ಅಂಚು ಸಿಬಿರೇಳುತ್ತದೆ. ಅದರಲ್ಲಿರುವ ಸಿಲಿಕಾ ಉಕ್ಕಿನ ಮೊನೆಯನ್ನು ಬೇಗ ಮೊಂಡಾಗಿಸುವುದರಿಂದ ಕಾರ್ಬೈಡ್ ಮೊನೆಯೇ ಲೇಸು. ಶ್ರೀಗಂಧ ಹಾಗಲ್ಲ, ಅದರ ಎಳೆ ಒತ್ತಾಗಿದೆ. ಶಿರಸಿ, ಕುಮಟಾ, ಹೊನ್ನಾವರ, ಸಾಗರ, ಸೊರಬಗಳ ಗುಡಿಗಾರರ ಕುಸುರಿ ಅಷ್ಟು ನವಿರಾಗಿ ಮೂಡಲು ಅದೂ ಒಂದು ಕಾರಣ.

ಗುಡಿಗಾರರ ಹೆಸರು ಇಲ್ಲಿ ಬರಲು ಇನ್ನೊಂದು ಕಾರಣವಿದೆ. ಕಡತ ಒಮ್ಮೆ ಸಿದ್ಧವಾದರೆ ಯಂತ್ರ ಅದೇ ಬಳ್ಳಿಯನ್ನು ನೂರು ಪೆನ್ನುಗಳ ಮೇಲೆ ಮೂಡಿಸಬಲ್ಲದು. ಗುಡಿಗಾರನಾದರೋ ಪ್ರತಿಯೊಂದನ್ನೂ ಹೊಸದಾಗಿ ಕೆತ್ತಬೇಕು. ಕೈಯಲ್ಲಿ ಕಡೆದ ಪೆನ್ನನ್ನು ಕೈತಯಾರಿಕೆ ಎನ್ನುವುದರಲ್ಲಿ ತಪ್ಪಿಲ್ಲ. ಯಂತ್ರದ ಬಳ್ಳಿಯನ್ನೂ ಕೈಕೆತ್ತನೆ ಎಂದು ಮಾರಿದರೆ ಪೆಟ್ಟು ಬೀಳುವುದು ಗುಡಿಗಾರನ ದುಡಿಮೆಯ ಬೆಲೆಗೆ. ಇದನ್ನು ಚೀಟಿಯಲ್ಲಿ ಮುದ್ರಿಸಲು ಮಾರುವವರಿಗೆ ಖರ್ಚೇನೂ ಬಾರದು.

ಕೊಳ್ಳುವವರು ಭೂತಗನ್ನಡಿ ಹಿಡಿದು ನೋಡಬಹುದು. ದುಂಡು ಮೊನೆಯ ಯಂತ್ರ ತಾನು ತಿರುಗುವಷ್ಟು ಅಗಲಕ್ಕಿಂತ ಕಿರಿದಾದ ಸಂದಿಗೆ ಇಳಿಯಲಾರದು, ಹಾಗಾಗಿ ಒಳಮೂಲೆಗಳು ದುಂಡಗಿರುತ್ತವೆ. ಚಾಣದ ಮೂಲೆ ಚೂಪು. ಅದರ ಎರಡು ಎಲೆಗಳು ಒಂದೇ ತೆರನಾಗಿರುವುದು ಅಪರೂಪ.