ಗುಂಡಿಯ ಕೆಸರು ಗೊಬ್ಬರವಾಗೋದು ಯಾವಾಗ?

ಫೆಬ್ರವರಿ 10ರ ಜಂತುಹುಳು ನಿವಾರಣಾ ದಿನ ನಾವೇ ಮುಂದೆ ನಿಂತು ಮಕ್ಕಳಿಗೆ ಅಲ್ಬೆಂಡಜೋಲ್ ಮಾತ್ರೆ ಅಗಿಸುತ್ತೇವೆ. ಹೊಟ್ಟೆಯ ಹುಳು ಸಾಯುತ್ತೆ, ಸರಿ. ಅದೇ ಮಗು ಸಂಜೆ ಬರಿಗಾಲಲ್ಲಿ ಇಳಿಯುವ ಹೊಲಕ್ಕೆ ಪಾಯಿಖಾನೆ ಗುಂಡಿಯ ಹಸಿ ಕೆಸರು ಬಿದ್ದಿದ್ದರೆ? ಕೊಕ್ಕೆಹುಳುವಿನ ಮರಿ ಅಂಗಾಲಿನ ಚರ್ಮದಿಂದಲೇ ಒಳಗೆ ಹೋಗುತ್ತೆ. ದುಂಡುಹುಳುವಿನ ಮೊಟ್ಟೆ ಉಗುರಿನಿಂದ, ತೊಳೆಯದ ಸೊಪ್ಪಿನಿಂದ ಬಾಯಿ ಸೇರುತ್ತೆ.

ಹಾಗಂತ ರೈತರನ್ನು ದೂರುವಂತಿಲ್ಲ. ಆ ಕೆಸರಲ್ಲಿ ಸಾರಜನಕ, ರಂಜಕ, ಸಾವಯವ ಅಂಶ ಎಲ್ಲ ಇದೆ. ನಮ್ಮ ಕೆಂಪು ಮಣ್ಣಿಗೆ ಬೇಕಾಗಿರೋದೂ ಅವೇ. ಆದರೆ ದುಂಡುಹುಳುವಿನ ಮೊಟ್ಟೆಗೆ ಗಟ್ಟಿ ಕವಚ. ಮಣ್ಣಲ್ಲಿ ವರ್ಷಗಟ್ಟಲೆ ಬದುಕಬಲ್ಲದು. ಕೆಸರು ಒಣಗಿತು, ವಾಸನೆ ಹೋಯಿತು ಅಂದ ಮಾತ್ರಕ್ಕೆ ಅದು ಸತ್ತಿತು ಅಂತಲ್ಲ.

ಹಾಗಾದರೆ ದಾರಿ? ಕೊಡಿಕೊಂಡ ಚೆಕ್‌ಪೋಸ್ಟ್‌ನಿಂದ ಬೆಂಗಳೂರಿಗೆ ಹೋಗುವಾಗ ಸಿಗುವ ದೇವನಹಳ್ಳಿಯನ್ನೇ ನೋಡಿ. ಒಳಚರಂಡಿ ಇಲ್ಲದ ಆ ಊರಲ್ಲಿ ಗುಂಡಿಗಳನ್ನು ಟ್ಯಾಂಕರ್‌ಗಳು ಖಾಲಿ ಮಾಡುತ್ತಿದ್ದವು. 2015ರಲ್ಲಿ ಸಿಡಿಡಿ ಸೊಸೈಟಿ ಪುರಸಭೆಯ ಜೊತೆಗೂಡಿ ಮಲತ್ಯಾಜ್ಯ ಸಂಸ್ಕರಣಾ ಘಟಕ ಕಟ್ಟಿತು. ಅಲ್ಲಿ ಕೆಸರು ಮೊದಲು ಗಾಳಿಯಾಡದ ತೊಟ್ಟಿಗಳಲ್ಲಿ ಕಳಿಯುತ್ತೆ, ಆಮೇಲೆ ಹಾಸುಗಳ ಮೇಲೆ ಒಣಗುತ್ತೆ, ಕೊನೆಗೆ ಊರಿನ ಹಸಿಕಸದ ಜೊತೆ ಕಾಂಪೋಸ್ಟ್ ಆಗುತ್ತೆ. ಹುಳುಮೊಟ್ಟೆ ಸಾಯೋದು ಮುಖ್ಯವಾಗಿ ಈ ಕೊನೆಯ ಹಂತದ ಕಾವಿನಲ್ಲಿ.

ಎಷ್ಟು ಕಾವು ಬೇಕು? ಅಮೆರಿಕದ 1993ರ ನಿಯಮದಂತೆ ಸಾಲಾಗಿ ಹಾಕಿದ ರಾಶಿಯಲ್ಲಿ ಕನಿಷ್ಠ 55 ಡಿಗ್ರಿ ಸೆಲ್ಸಿಯಸ್ 15 ದಿನ ಇರಬೇಕು. ಅಷ್ಟರಲ್ಲಿ ಐದು ಸಲ ಮಗುಚಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾರ್ಗಸೂಚಿ ಫಲಿತಾಂಶವನ್ನೇ ಕೇಳುತ್ತೆ: ಒಂದು ಗ್ರಾಂ ಒಣ ಪದಾರ್ಥದಲ್ಲಿ ಹುಳುಮೊಟ್ಟೆ ಒಂದಕ್ಕಿಂತ ಕಡಿಮೆ ಇರಬೇಕು.

ಕಾವಿಗೂ ಬಗ್ಗದ್ದು ಒಂದಿದೆ: ಭಾರಲೋಹ. ಕಾರ್ಖಾನೆಯ ನೀರು ಸೇರಿದರೆ ಸೀಸ, ಕ್ಯಾಡ್ಮಿಯಂ ಕೆಸರಲ್ಲೇ ಉಳಿಯುತ್ತವೆ. ಎಷ್ಟು ಬಿಸಿ ಮಾಡಿದರೂ ಹೋಗಲ್ಲ. ಅದಕ್ಕೇ ನಮ್ಮ ದೇಶದ ರಸಗೊಬ್ಬರ ನಿಯಂತ್ರಣ ಆದೇಶ ನಗರ ಕಾಂಪೋಸ್ಟ್‌ಗೆ ಕಿಲೋಗೆ ಸೀಸ 100, ಕ್ಯಾಡ್ಮಿಯಂ 5 ಮಿಲಿಗ್ರಾಂ ಮಿತಿ ಹಾಕಿದೆ. ಲೋಹವನ್ನು ತಡೆಯಬೇಕಾದ್ದು ಚರಂಡಿಗೆ ಸೇರುವ ಮೊದಲೇ.

ತರಗತಿಯಲ್ಲಿ ಇದನ್ನು ತೋರಿಸೋದು ಸುಲಭ. ಮಲದ ಕೆಸರು ಖಂಡಿತ ಬೇಡ. ಸಗಣಿ, ತರಕಾರಿ ಸಿಪ್ಪೆ, ಒಣ ಎಲೆ ಸೇರಿಸಿ ಮಕ್ಕಳ ಸೊಂಟದೆತ್ತರ ರಾಶಿ ಹಾಕಿಸಿ, ನೀರು ಚಿಮುಕಿಸಿ. ಪ್ರಯೋಗಾಲಯದ ಥರ್ಮಾಮೀಟರಿನಿಂದ ದಿನಾ ನಡುವಿನ ಮತ್ತು ಅಂಚಿನ ಉಷ್ಣತೆ ಬರೆಸಿ, ನಕ್ಷೆ ಬಿಡಿಸಿ. ನಡುವೆ ಬಿಸಿ, ಅಂಚಿನಲ್ಲಿ ತಣ್ಣಗೆ! ಐದು ಸಲ ಯಾಕೆ ಮಗುಚಬೇಕು ಅಂತ ಆಗ ಕೇಳಿ. ಉತ್ತರ ಮಕ್ಕಳೇ ಹೇಳ್ತಾರೆ. ಮನೆಗೆ ಹೋಗಿ ಅಪ್ಪನಿಗೂ ಹೇಳ್ತಾರೆ.